ಹಗೇವಿಗೆ ಬಿಟ್ಟ ಬ್ಯಾಟರಿ

ಆಕ್ಟೋಪಸ್ಸಿಗೆ ಮೂರು ಹೃದಯ. ಮುಚ್ಚಿಟ್ಟ ಜೇನುತುಪ್ಪ ನೂರಾರು ವರ್ಷ ಕೆಡುವುದಿಲ್ಲ. ಹಕ್ಕಿಗೆ ಮೆಣಸಿನಕಾಯಿಯ ಖಾರ ಹತ್ತುವುದೇ ಇಲ್ಲ. ಊಟಕ್ಕೆ ಕೂತರೆ ಸಾಕು, ಇಂಥದ್ದೊಂದು ಬಂದು ತಾಟಿನಲ್ಲಿ ಬೀಳುವ ಮನೆ ನಮ್ಮದಾಗಿತ್ತು. ಬಡಿಸುವವಳು ಅವ್ವನಾದರೂ ಇದನ್ನು ಬಡಿಸುತ್ತಿದ್ದವಳು ನನ್ನ ತಂಗಿ ಸುಚಿತ್ರಾ.

ಅವಳು ಹಾವೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಪುಸ್ತಕದ ಪಾಠ ಎಷ್ಟು ಓದುತ್ತಿದ್ದಳೋ ದೇವರಿಗೇ ಗೊತ್ತು. ಪಾಠದ ಪಕ್ಕದಲ್ಲಿ ಚೌಕ ಹಾಕಿ ಸಣ್ಣ ಅಕ್ಷರದಲ್ಲಿ ‘ನಿಮಗೆ ಗೊತ್ತೇ?’ ಅಂತ ಅಚ್ಚು ಮಾಡಿರುತ್ತಾರಲ್ಲ, ಅದರ ಮೇಲೆ ಅವಳ ಜೀವ. ಅದನ್ನೆಲ್ಲ ಕೆಂಪು ರಟ್ಟಿನ ಉದ್ದನೆಯ ನೋಟಬುಕ್ಕಿನಲ್ಲಿ ಬರೆದುಕೊಂಡು, ದಿನಕ್ಕೆ ಒಂದರಂತೆ ನಮ್ಮ ಮೇಲೆ ಪ್ರಯೋಗಿಸುತ್ತಿದ್ದಳು.

“ಮೂರು ಎದಿ ಇದ್ರ ಮೂರು ಪಟ್ಟು ಸಂಕಟ, ಪಾಪ” ಎಂದು ಆಕ್ಟೋಪಸ್ಸಿನ ಬಗ್ಗೆ ಮರುಗಿದವಳು ನಮ್ಮ ಆಯಿ, ಅಪ್ಪನ ತಾಯಿ ಫಕ್ಕೀರವ್ವ. ಆಯಿಗೆ ಮೊಮ್ಮಗಳ ಯಾವ ಮಾತೂ ಹೆಚ್ಚೆನಿಸುತ್ತಿರಲಿಲ್ಲ. ಅಪ್ಪ ನಗುತ್ತಿದ್ದ. ಒಂದು ದಿನ ಇವಳು, “ಅಪ್ಪಾ, ಚೀಲದಾಗಿನ ಜ್ವಾಳ ಉಸಿರಾಡತೈತಿ, ಗೊತ್ತೇನು? ನಮ್ಮಂಗ ಗಾಳಿ ಒಳಗ ತಗೊಂಡು ಕೆಟ್ಟ ಗಾಳಿ ಹೊರಗ ಬಿಡತೈತಿ” ಅಂದಳು. ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಕಿವಿಗೆ ಹಿಡಿದು, “ಹೌದಲ್ಲೋ ಬೀರ್ಯಾ, ಗೊರಕಿ ಹೊಡಿಯಾಕತ್ತೈತಿ” ಅಂದ. ಅವ್ವ ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸುಚಿತ್ರಾ ಮುಖ ಊದಿಸಿಕೊಂಡು ಎದ್ದು ಹೋದಳು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ನಾನೆಂದರೆ ಬೀರಲಿಂಗಪ್ಪ, ಮನೆಯ ಹಿರಿಯ ಮಗ. ಪಿಯುಸಿ ಫೇಲಾಗಿ ಓದು ಬಿಟ್ಟವನು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ತೂಕದ ಕೆಲಸಕ್ಕಿದ್ದೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳಲ್ಲ.

ಇಸವಿ ಎರಡು ಸಾವಿರದ ಐದು, ಏಪ್ರಿಲ್ ಮೊದಲ ವಾರ. ಮಾರುಕಟ್ಟೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಕಾಯಿ ಬಂದಿತ್ತು. ಅವತ್ತು ನಾನು ಬುತ್ತಿ ಮರೆತು ಹೋಗಿದ್ದೆ. ಕಾಲೇಜಿಗೆ ಹೋಗುವಾಗ ಕೊಟ್ಟು ಹೋಗು ಎಂದು ಅವ್ವ ಸುಚಿತ್ರಾಳ ಕೈಯಲ್ಲಿ ಕಳಿಸಿದ್ದಳು. ನಮ್ಮ ಸಾವಕಾರರು ದೂರದ ಊರಿನಿಂದ ಬಂದ ಖರೀದಿದಾರರಿಗೆ ಕಾಯಿ ಮುರಿದು ಬಣ್ಣ ತೋರಿಸುತ್ತ, “ಇದು ಅನಾದಿ ಕಾಲದಿಂದ ಈ ಮಣ್ಣಾಗ ಬೆಳದ ಕಾಯಿರಿ” ಎಂದು ಹೇಳುತ್ತಿದ್ದರು. ಬುತ್ತಿ ಹಿಡಿದು ನಿಂತವಳು ಸುಮ್ಮನೆ ನಿಲ್ಲಬೇಕೋ ಬೇಡವೋ?

“ಅನಾದಿ ಅಲ್ಲರಿ” ಅಂದಳು. “ಐದುನೂರು ವರ್ಷದ ಹಿಂದ ನಮ್ಮ ದೇಶದಾಗ ಮೆಣಸಿನಕಾಯಿನ ಇರಲಿಲ್ಲ. ಪೋರ್ತುಗೀಸರು ಹಡಗಿನ್ಯಾಗ ತಂದದ್ದು.”

ಖರೀದಿದಾರರು ನಕ್ಕರು. ಸಾವಕಾರರು ನನ್ನನ್ನು ನೋಡಿದರು. ಆ ನೋಟಕ್ಕೆ ನಾನು ನೆಲದಲ್ಲಿ ಇಳಿದು ಹೋದೆ. ಅಂದಿನಿಂದ ಹಮಾಲರು ನನಗೆ ಹಡಗಪ್ಪ ಎಂದು ಹೆಸರಿಟ್ಟರು. “ಹಡಗಪ್ಪ ಬಂದ, ತೂಕ ಹಚ್ಚರೋ.” “ಹಡಗಪ್ಪ, ಇವತ್ತ ಯಾವ ದೇಶದ ಮಾಲು?” ಇಡೀ ಓಣಿಗೆ ಓಣಿಯೇ ನಗುತ್ತಿತ್ತು.

ಮೂರನೆಯ ದಿನ ಮನೆಗೆ ಬಂದವನೇ ಅಟ್ಟದ ಮೇಲಿದ್ದ ಅವಳ ಕೆಂಪು ನೋಟಬುಕ್ಕು ತಂದು ನೀರಿನ ಹಂಡೆಯ ಒಲೆಗೆ ಹಾಕಿದೆ. ಅಪ್ಪ ಹೊಲದಲ್ಲಿದ್ದ. ಆಯಿ “ಅಯ್ಯ, ವಿದ್ಯಾ ಸುಡಬಾರದೋ” ಎಂದು ಕೂಗಿಕೊಂಡಳು. ಸುಚಿತ್ರಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

“ಇನ್ನೊಮ್ಮೆ ನಾಕು ಮಂದಿ ಮುಂದ ನಿನ್ನ ಶಾಣ್ಯಾತನ ತೋರಿಸಿದಿ ಅಂದ್ರ ಕಾಲೇಜು ಬಂದ್. ಕೇಳಿತೇನು?” ಅಂದೆ.

“ಆತು” ಅಂದಳು. ಅಷ್ಟೇ. ಅಳಲಿಲ್ಲ, ಜಗಳಾಡಲಿಲ್ಲ.

ಆಮೇಲೆ ಊಟದ ಹೊತ್ತು ತಣ್ಣಗಾಯಿತು. ಎರಡು ವಾರ ಕಳೆದರೂ ಅವಳ ಬಾಯಿಂದ ಒಂದು ‘ಗೊತ್ತೇನು’ ಬರಲಿಲ್ಲ. ಅಪ್ಪ ಒಮ್ಮೆ, “ಯಾಕವಾ, ಇವತ್ತ ಏನೂ ಸುದ್ದಿ ಇಲ್ಲೇನು?” ಎಂದು ಕೇಳಿದ. “ಪರೀಕ್ಷಾ ಹತ್ರ ಬಂದೈತಪ್ಪ” ಎಂದು ತಲೆ ಬಗ್ಗಿಸಿ ಉಂಡಳು. ನಾನು ಗೆದ್ದೆ ಎಂದುಕೊಂಡೆ.

ಅದೇ ದಿನಗಳಲ್ಲಿ ನಮ್ಮ ಊರಿಗೆ ಕಾಂಕ್ರೀಟು ರಸ್ತೆ ಬಂತು. ಬ್ಯಾಡಗಿಯಿಂದ ನಾಲ್ಕು ಮೈಲಿನ ಊರು ನಮ್ಮದು. ಮಳೆಗಾಲದಲ್ಲಿ ಮೊಣಕಾಲುಮಟ ಕೆಸರು. ರಸ್ತೆ ಬಂದದ್ದಕ್ಕೆ ಎಲ್ಲರಿಗೂ ಖುಷಿಯೇ. ತೊಂದರೆ ಒಂದೇ, ನಮ್ಮ ಮನೆಯ ಮುಂದೆ, ನಡು ಓಣಿಯಲ್ಲಿ, ನಮ್ಮ ಹಗೇವು ಇತ್ತು.

ಹಗೇವು ಅಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ಬಾಯಿ ಒಬ್ಬ ಮನುಷ್ಯ ಮೈ ಹಿಂಡಿಕೊಂಡು ಇಳಿಯುವಷ್ಟೇ ಸಣ್ಣದು, ಒಳಗೆ ಗಡಿಗೆಯಂತೆ ಅಗಲವಾದ ಹೊಟ್ಟೆ. ಸುತ್ತ ಹುಲ್ಲು ಒತ್ತಿ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಅದರ ಕಡೆ ನೋಡಬೇಕಾಗಿಲ್ಲ. ಊರಿನ ಉಳಿದ ಹಗೇವುಗಳೆಲ್ಲ ಎಂದೋ ಮುಚ್ಚಿ ಹೋಗಿದ್ದವು. ಉಳಿದದ್ದು ನಮ್ಮದೊಂದು. ಎರಡು ವರ್ಷದ ಹಿಂದೆ ಮುಕ್ಕಾಲು ಜೋಳ ತೆಗೆದು, ಉಳಿದದ್ದನ್ನು ಹಾಗೇ ಬಿಟ್ಟು ಮುಚ್ಚಿದ್ದೆವು.

ಬುಧವಾರ ಸಂಜೆ ರಸ್ತೆಯ ಮೇಸ್ತ್ರಿ ಬಂದು, “ನಾಳೆ ಮಧ್ಯಾಹ್ನದೊಳಗ ಕಾಂಕ್ರೀಟು ನಿಮ್ಮ ಬಾಗಲಿಗೆ ಬರತೈತಿ. ಅಷ್ಟರಾಗ ಕಾಳು ತಗದು ಮಣ್ಣು ತುಂಬ್ರಿ. ಇಲ್ಲಂದ್ರ ನಾವು ಹಂಗ ಮುಚ್ಚಿಕೊಂಡು ಹೋಗತೇವಿ” ಎಂದು ಹೇಳಿ ಹೋದ. ಗುರುವಾರ ನಾನು ಅಂಗಡಿಗೆ ರಜೆ ಹಾಕಿದೆ. ಎಂಟು ಗಂಟೆಗೆ ಅಪ್ಪ, ನಾನು ಸೇರಿ ಮಣ್ಣು ಬಿಡಿಸಿ ಕಲ್ಲು ಎತ್ತಿದೆವು. ಒಳಗಿನಿಂದ ಹುಳಿ ವಾಸನೆ ಬಂತು. ಹಿಂದಿನ ಮಳೆಗೆ ಎಲ್ಲೋ ನೀರು ಇಳಿದಿರಬೇಕು.

ಮೂರು ಮನೆ ಆಚೆ ರಹಿಮಾನಸಾಬ ತನ್ನ ಕಂಪ್ರೆಸರ್ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಹಳೆಯ ಗಟಾರದ ಕಲ್ಲು ಒಡೆಯುತ್ತಿದ್ದ. ಬಾವಿ ತೋಡುವಾಗ ಬಂಡೆ ಕೊರೆಯುವುದು ಅವನ ಕಸುಬು. ಈಗ ರಸ್ತೆಯವರು ಕರೆದಿದ್ದರು. ಬೆಳಿಗ್ಗೆಯಿಂದ ಅದರ ದಡದಡ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ.

ಆಯಿ ಕಟ್ಟೆಯ ಮೇಲೆ ಕೂತಿದ್ದಳು. “ದುರಗಪ್ಪ, ಬಾಯಿ ತಗದು ಒಂದು ಹಗಲು, ಒಂದು ರಾತ್ರಿ ಬಿಡಬೇಕಪ. ಆಮ್ಯಾಲೆ ದೀಪ ಇಳಿಸಿ ನೋಡಬೇಕು. ದೀಪ ಆರಲಿಲ್ಲಂದ್ರ ಇಳಿಬೇಕು” ಅಂದಳು.

“ಅಷ್ಟು ಪುರುಸೊತ್ತಿಲ್ಲಬೇ ಯವ್ವ. ಮಧ್ಯಾಹ್ನಕ್ಕ ಬರ್ತಾರ” ಅಂದ ಅಪ್ಪ.

“ದೀಪಾನರ ಇಳಸ್ರಿ. ಒಳಗಿನ ತಾಯಿ ದೀಪ ಊದಿದ್ಲಂದ್ರ ಇನ್ನ ಎದ್ದಿಲ್ಲಂತ ಅರ್ಥ. ನಿಮ್ಮಪ್ಪ ಎಂದೂ ದೀಪ ಇಳಸದ ಇಳಿದಾವಲ್ಲ.”

ಅಪ್ಪ ತನ್ನ ತಾಯಿಯ ಈ ಒಂದು ಮಾತನ್ನು ಮೀರುವವನಲ್ಲ. “ಕಂದೀಲು ತಾರೋ” ಎಂದು ನನಗೆ ಹೇಳಿದ. ನಾನು ಒಳಗೆ ಹೋಗಿ ನೋಡಿದೆ. ಕಂದೀಲಿನ ಗಾಜು ಒಡೆದಿತ್ತು, ಎಣ್ಣೆ ಇರಲಿಲ್ಲ. ಮಧ್ಯಾಹ್ನದ ಗಡುವು ತಲೆಯಲ್ಲಿ ಕುಣಿಯುತ್ತಿತ್ತು. ಗೋಡೆಗೆ ನನ್ನ ಬ್ಯಾಟರಿ ತೂಗು ಹಾಕಿತ್ತು. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಎಂದೇ ಹೆಸರು. ಮೂರು ಸೆಲ್ಲಿನದು, ಸ್ಟೀಲಿನದು, ಹಾವೇರಿಯಲ್ಲಿ ಆರಿಸಿ ತಂದಿದ್ದೆ. ಅದನ್ನೇ ತಂದು ಹಗ್ಗಕ್ಕೆ ಬಿಗಿದೆ.

“ಕಂದೀಲು ಯಾಕ ಬೇಕು? ದೀಪ ಅಂದ್ರ ದೀಪ. ಇದು ಅದಕ್ಕಿಂತ ಹತ್ತು ಪಟ್ಟು ಬೆಳಕು” ಎಂದು ಕಂಪ್ರೆಸರ್ ಸದ್ದಿನ ಮೇಲೆ ಕೂಗಿ ಹೇಳಿ ಬ್ಯಾಟರಿಯನ್ನು ಹಗೇವಿಗೆ ಬಿಟ್ಟೆ. ಒಳಗೆಲ್ಲ ಹಗಲಾಯಿತು. ಎಂಟು ಅಡಿ ಕೆಳಗೆ ಜೋಳ ಹಳದಿಯಾಗಿ ಹೊಳೆಯಿತು. “ನೋಡಪ್ಪ, ಆರಿಲ್ಲ. ಹೆಂಗ ಬೆಳಗಾಕತ್ತೈತಿ ನೋಡು!”

ಅಪ್ಪ ಬಗ್ಗಿ ನೋಡಿದ. ಆಯಿಗೆ ಕಣ್ಣು ಮಂಜು. “ಆರಲಿಲ್ಲೇನೋ ಬೀರ್ಯಾ?” ಎಂದು ಕೇಳಿದಳು.

“ಇಲ್ಲಬೇ ಆಯಿ, ಆರಲಿಲ್ಲ.”

“ಹಂಗಾರ ಇಳೀರಿ” ಅಂದಳು.

ದೀಪದ ವಿಷಯದಲ್ಲಿ ಆಯಿ ಹೇಳಿದ್ದನ್ನು ನಾವು ಒಂದಕ್ಷರ ಬಿಡದೆ ಮಾಡಿದ್ದೆವು. ದೀಪ ಇಳಿಸಿದ್ದೆವು, ಅದು ಆರಿರಲಿಲ್ಲ.

ಅಪ್ಪ ಅಂಗಿ ಬಿಚ್ಚಿ, ಹಗ್ಗ ಹಿಡಿದು ಜಾರಿ ಇಳಿದ. ಜೋಳದ ಮೇಲೆ ನಿಂತಾಗ ಅವನ ತಲೆ ಬಾಯಿಯಿಂದ ಎರಡು ಮೊಳ ಕೆಳಗಿತ್ತು. ಮೇಲೆ ನೋಡಿ, “ಹುಳಿ ವಾಸನಿ ಹೊಡಿಯಾಕತ್ತೈತೋ, ಒಂದಿಷ್ಟು ಕೆಟ್ಟೈತಿ” ಅಂದ. ನಾನು ಹಗ್ಗಕ್ಕೆ ಬುಟ್ಟಿ ಕಟ್ಟಿ ಬಿಟ್ಟೆ. ಅವನು ಬುಟ್ಟಿ ಹಿಡಿದು ಕಾಳು ತುಂಬಲು ಬಗ್ಗಿದ.

ನಾನು ಮುಖ ಎತ್ತಿ ರಸ್ತೆಯ ಕಡೆ ನೋಡಿದೆ. ಕಾಂಕ್ರೀಟಿನವರು ಎಲ್ಲಿಗೆ ಬಂದರು ಎಂದು. ಸ್ವಲ್ಪ ತಡೆದು ಹಗ್ಗ ಜಗ್ಗಿದೆ. ಭಾರವಿರಲಿಲ್ಲ. “ಅಪ್ಪಾ, ತುಂಬಿತೇನು?” ಎಂದು ಕೂಗಿದೆ. ಕಂಪ್ರೆಸರ್ ದಡದಡ ಎನ್ನುತ್ತಿತ್ತು. ಇನ್ನೊಮ್ಮೆ ಜಗ್ಗಿ, ಬಗ್ಗಿ ನೋಡಿದೆ.

ಬ್ಯಾಟರಿಯ ಬೆಳಕಿನಲ್ಲಿ ಅಪ್ಪ ಜೋಳದ ಮೇಲೆ ಪಕ್ಕಕ್ಕೆ ಬಿದ್ದಿದ್ದ. ಒಂದು ಕೈ ಬುಟ್ಟಿಯಲ್ಲೇ ಇತ್ತು. ಬಾಯಿ ತೆರೆದಿತ್ತು.

ನಾನು ಚೀರಿದೆ. ಅವ್ವ ಒಳಗಿನಿಂದ ಓಡಿ ಬಂದಳು, ಇಣುಕಿ ನೋಡಿ ಎದೆ ಬಡಿದುಕೊಂಡಳು. ನನಗೆ ಯೋಚನೆ ಅನ್ನುವುದೇ ಇರಲಿಲ್ಲ. ಒಂದು ಕಾಲು ಹಗೇವಿನೊಳಗೆ ಇಟ್ಟಾಗಿತ್ತು. ಹಿಂದಿನಿಂದ ಯಾರೋ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದರು. ನಾನು ಮಣ್ಣಿನಲ್ಲಿ ಅಂಗಾತ ಬಿದ್ದೆ. ಏಳುವಷ್ಟರಲ್ಲಿ ಸುಚಿತ್ರಾ ಹಗೇವಿನ ಬಾಯಿಯ ಮೇಲೆ ಅಡ್ಡ ಕೂತಿದ್ದಳು. ಅಟ್ಟದ ಮೇಲೆ ಓದುತ್ತಿದ್ದವಳು ಅಷ್ಟು ಬೇಗ ಹೇಗೆ ಬಂದಳು ಎಂದು ಆಗ ನನಗೆ ಹೊಳೆಯಲಿಲ್ಲ.

“ಏಳು! ಅಪ್ಪ ಬಿದ್ದಾನ!”

“ನೀ ಇಳಿದ್ರ ನೀನೂ ಬೀಳ್ತಿ. ಒಳಗ ಕೆಟ್ಟ ಗಾಳಿ ತುಂಬೈತಿ” ಅಂದಳು. ಎರಡೂ ಕೈಯಿಂದ ಕಲ್ಲಿನ ಅಂಚು ಹಿಡಿದಿದ್ದಳು. “ರಹಿಮಾನ ಕಾಕಾ! ಕಂಪ್ರೆಸರ್ ಪೈಪ ತರ್ರಿ! ಗಾಳಿ ಪೈಪ! ಲಗೂ!”

ಪೈಪು ಯಾಕೆ, ಗಾಳಿ ಯಾಕೆ, ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿದದ್ದು ಒಂದೇ. ಕೆಳಗೆ ಅಪ್ಪ ಸಾಯುತ್ತಿದ್ದಾನೆ, ಮೇಲೆ ಇವಳು ಹಗೇವಿನ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಹೊಡೆದೆ. ಮುಖಕ್ಕೆ, ಬಲವಾಗಿ. ತುಟಿ ಒಡೆದು ರಕ್ತ ಬಂತು. ಅವಳು ಅಲುಗಲಿಲ್ಲ. ಅವ್ವ ಅವಳ ಜಡೆ ಹಿಡಿದು ಎಳೆದಳು. “ಎಲ್ಲಿ ಹುಟ್ಟಿದ್ಯೇ ನನ್ನ ಹೊಟ್ಟಿಯೊಳಗ! ಬಿಡ ದಾರಿ! ನಿಮ್ಮಪ್ಪ ಅದಾನ ಒಳಗ!”

“ಒಬ್ರು ಹೋಗ್ಯಾರ ಯವ್ವ. ಇಬ್ರು ಬ್ಯಾಡ” ಅಂದಳು ಸುಚಿತ್ರಾ. ಆ ಮಾತಿಗೆ ಕೂಡಿದ ಮಂದಿಯಲ್ಲಿ ಯಾರೋ “ಥೂ” ಎಂದರು. ನಾನು ಎರಡನೆಯ ಏಟಿಗೆ ಕೈ ಎತ್ತಿದೆ. ಅವಳು ನನ್ನ ಕಡೆ ನೋಡದೆ ಆಯಿಯ ಕಡೆ ಕೂಗಿದಳು. “ಆಯಿ, ದೇವರ ಮುಂದಿನ ದೀಪ ತಾ. ಉರಿಯೋ ದೀಪ!”

ಆಯಿ ಕಟ್ಟೆಯಿಂದ ಇಳಿದು ಹೋದದ್ದು, ಬಂದದ್ದು ನನಗೆ ಕಾಣಲಿಲ್ಲ. ಕಾಲು ಎಳೆದು ನಡೆಯುವ ಆಯಿ ಅವತ್ತು ಹೇಗೆ ಓಡಿದಳೋ. ತಂಬಿಗೆಯೊಳಗೆ ಹಣತೆ ಇಟ್ಟು, ತಂಬಿಗೆಯ ಕೊರಳಿಗೆ ಹುರಿ ಬಿಗಿದು ಬಂದಿದ್ದಳು. ಸುಚಿತ್ರಾ ಒಂದು ಪಕ್ಕಕ್ಕೆ ಸರಿದು ಅದನ್ನು ಇಳಿಸಿದಳು.

ಎಲ್ಲರೂ ಬಗ್ಗಿದೆವು. ಹಣತೆ ಒಂದು ಮೊಳ ಇಳಿಯಿತು, ಉರಿಯುತ್ತಿತ್ತು. ಎರಡು ಮೊಳ ಇಳಿಯಿತು. ಬೆಂಕಿ ಸಣ್ಣದಾಯಿತು. ಇನ್ನೊಂದು ಗೇಣು. ಗಾಳಿ ಇಲ್ಲ, ನೀರಿಲ್ಲ, ಯಾರೂ ಊದಲಿಲ್ಲ. ದೀಪ ಆರಿತು. ಅದರ ಕೆಳಗೆ ನನ್ನ ಬ್ಯಾಟರಿ ಫಳಫಳ ಬೆಳಗುತ್ತಿತ್ತು.

ನನ್ನ ಎತ್ತಿದ ಕೈ ಕೆಳಗೆ ಬಂತು. ಆ ಕ್ಷಣದಲ್ಲಿ ನಾನು ಏನು ಮಾಡಿದ್ದೆ ಎನ್ನುವುದು ನನಗೆ ಪೂರ್ತಿ ಗೊತ್ತಾಯಿತು. ಅಪ್ಪನನ್ನು ಒಳಗೆ ಕಳಿಸಿದ್ದು ನಾನು.

ಅಷ್ಟರಲ್ಲಿ ಯಾರೋ ಓಡಿ ಹೋಗಿ ಹೇಳಿ, ರಹಿಮಾನಸಾಬ ಟ್ರ್ಯಾಕ್ಟರನ್ನೇ ಹೊಡೆದುಕೊಂಡು ಬಂದಿದ್ದ. ಕೊರೆಯುವ ಸಲಾಕೆ ಕಿತ್ತೆಸೆದು ಬರೀ ಪೈಪನ್ನು ಒಳಗೆ ಬಿಟ್ಟ. ಗಾಳಿ ಭರ್ರೆಂದು ನುಗ್ಗಿತು. ಜೋಳದ ಹೊಟ್ಟು, ಧೂಳು, ಹುಳಿ ವಾಸನೆ ಎಲ್ಲ ಬಾಯಿಯಿಂದ ಮೇಲೆ ಎದ್ದು ಬಂದವು. “ಬಾವ್ಯಾಗೂ ಹಿಂಗ ಮಾಡತೇವಿ. ಹಗೇವಿಗೂ ಇದ ಬೇಕಂತ ನನಗ ಹೊಳಿಲಿಲ್ಲ ನೋಡವಾ” ಎಂದು ಅವನು ಹಣೆ ಚಚ್ಚಿಕೊಂಡ.

“ಈಗ ಇಳಿ” ಎಂದು ಸುಚಿತ್ರಾ ನನಗೆ ಹೇಳಿದಳು. ರಕ್ತ ಗದ್ದಕ್ಕೆ ಇಳಿದಿತ್ತು, ಒರೆಸಿಕೊಂಡಿರಲಿಲ್ಲ. “ಹಗ್ಗ ಕಟಗೊಂಡು ಇಳಿ. ಕೆಟ್ಟ ಗಾಳಿ ಪೂರಾ ಹೋಗಿರೂದಿಲ್ಲ. ಬಾವ್ಯಾಗ ಮುಳುಗಿದಂಗ ಅಂತ ತಿಳ್ಕೊ. ಒಳಗ ಉಸಿರು ತಗೋಬ್ಯಾಡ. ಅಪ್ಪನ ಬಗಲಿಗೆ ಇನ್ನೊಂದು ಹಗ್ಗ ಕಟ್ಟು. ನಾ ಐವತ್ತು ಎಣಿಸತೇನಿ. ಆಗಿರಲಿ ಬಿಡಲಿ, ನಿನ್ನ ಜಗ್ಗತೇವಿ.”

ನಾನು ಕೈ ಎತ್ತಿ ನಿಂತೆ. ರಹಿಮಾನಸಾಬ ಬಗಲಿನ ಕೆಳಗೆ ಹಗ್ಗ ಬಿಗಿದ. ಎದೆ ತುಂಬ ಗಾಳಿ ಎಳೆದುಕೊಂಡು ಇಳಿದೆ.

ಕೆಳಗೆ ಕಣ್ಣು ಉರಿಯಿತು. ಪೈಪು ಹಾವಿನಂತೆ ಹೊರಳಾಡುತ್ತಿತ್ತು. ಅಪ್ಪನ ಮುಖ ನೀಲಿಯಾಗಿತ್ತು. ಮೇಲಿನಿಂದ ಅವಳ ಎಣಿಕೆ ಕೇಳುತ್ತಿತ್ತು; ಕಂಪ್ರೆಸರ್ ಸದ್ದನ್ನು ಸೀಳಿಕೊಂಡು ಬರುವಷ್ಟು ಜೋರಾಗಿ ಕೂಗುತ್ತಿದ್ದಳು. ಹನ್ನೆರಡು. ಹದಿಮೂರು. ಅಪ್ಪನನ್ನು ಎತ್ತಿ ಕೂರಿಸಲು ಹೋದರೆ ಜೋಳ ಕಾಲ ಕೆಳಗೆ ಜರಿಯಿತು. ಇಪ್ಪತ್ತು. ಹಗ್ಗ ಬೆನ್ನ ಹಿಂದಿನಿಂದ ತಂದೆ, ಕೈ ಬೆವೆತು ಗಂಟು ಜಾರಿತು. ದಿನಕ್ಕೆ ನೂರು ಚೀಲದ ಬಾಯಿ ಕಟ್ಟುವುದನ್ನು ನೋಡುವವನಿಗೆ ಒಂದು ಗಂಟು ಬರಲಿಲ್ಲ. ಮೂವತ್ತೊಂದು. ಮತ್ತೆ ಹಾಕಿದೆ, ಹಲ್ಲಿನಿಂದ ಕಚ್ಚಿ ಬಿಗಿದೆ. ಹಗ್ಗ ಅಲುಗಿಸಿದೆ. ಅಪ್ಪ ಮೇಲೆದ್ದ.

ಆಗ ಆಗಬಾರದ್ದು ಆಯಿತು. ಅಪ್ಪನ ಹೆಗಲು ಹಗೇವಿನ ಬಾಯಿಗೆ ಸಿಕ್ಕಿತು. ಬೆಳಕು ಮುಚ್ಚಿ ಹೋಯಿತು. ಅವನ ಕಾಲುಗಳು ನನ್ನ ತಲೆಯ ಮೇಲೆ ತೂಗುತ್ತಿದ್ದವು, ನಾನು ಕೆಳಗೆ. ಎಣಿಕೆ ನಲವತ್ತು ದಾಟಿತ್ತು. ಎದೆ ಒಡೆಯುವಂತಾಯಿತು. ಬಾಯಿ ತಾನೇ ತೆರೆದುಕೊಳ್ಳುವ ಹಂತಕ್ಕೆ ಬಂದಿತ್ತು.

“ಅಣ್ಣಾ! ಪೈಪ ಬಾಯಿ ಹತ್ರ ಹಿಡ್ಕೊ! ಪೈಪಿನ ಗಾಳಿ ತಗೋ!”

ಅಪ್ಪನ ದೇಹದ ಸಂದಿಯಿಂದ ಅದು ಹೇಗೆ ಕೇಳಿತೋ ನನಗೆ ಗೊತ್ತಿಲ್ಲ. ಪೈಪನ್ನು ತಡಕಾಡಿ ಹಿಡಿದು ಮುಖದ ಮುಂದೆ ತಂದೆ. ಎಣ್ಣೆಯ ವಾಸನೆಯ ಗಾಳಿ ಕೆನ್ನೆಗೆ ಹೊಡೆಯಿತು. ಒಂದು ಉಸಿರು ತೆಗೆದುಕೊಂಡೆ. ಇನ್ನೊಂದು. ಆಮೇಲೆ ಅಪ್ಪನ ಎರಡೂ ಕಾಲನ್ನು ಹೆಗಲ ಮೇಲೆ ಹೊತ್ತು, ಅವನ ತೋಳು ಮೇಲೆ ನೆಟ್ಟಗಾಗುವ ಹಾಗೆ ತಿರುಗಿಸಿ ನೂಕಿದೆ. ಬೆಳಕು ಬಂತು.

ನನ್ನನ್ನು ಮೇಲೆ ಎಳೆದಾಗ ಅಪ್ಪನನ್ನು ಕಟ್ಟೆಯ ಮೇಲೆ ಮಲಗಿಸಿದ್ದರು. ಮಂದಿ ಸುತ್ತ ಕವಿದು ನಿಂತಿದ್ದರು. ಸುಚಿತ್ರಾ ಎಲ್ಲರನ್ನೂ ನೂಕಿ, ಅವನ ಮೂಗು ಹಿಡಿದು ಬಾಯಿಯಲ್ಲಿ ಬಾಯಿಟ್ಟು ಊದುತ್ತಿದ್ದಳು. ಮಗಳು ಅಪ್ಪನಿಗೆ ಹೀಗೆ ಮಾಡುವುದನ್ನು ನೋಡಿ ಹೆಂಗಸರು ಮುಖ ತಿರುಗಿಸಿದರು. ಅವಳ ತುಟಿಯ ರಕ್ತ ಅಪ್ಪನ ಮೀಸೆಗೆ ಹತ್ತಿತ್ತು. ನಾನು ಮೊಣಕಾಲೂರಿ ಕೂತು ಅವನ ಎದೆಯನ್ನೇ ನೋಡುತ್ತಿದ್ದೆ. ಏಳಲಿಲ್ಲ. ಏಳಲಿಲ್ಲ. ಆಮೇಲೆ ಅಪ್ಪ ಒಮ್ಮೆ ಕೆಮ್ಮಿದ. ಅವ್ವ ಅಲ್ಲೇ ಕುಸಿದು ಕೂತಳು.

ಮೇಸ್ತ್ರಿಯ ಜೀಪಿನಲ್ಲಿ ಅಪ್ಪನನ್ನು ಹಾವೇರಿಯ ಆಸ್ಪತ್ರೆಗೆ ಒಯ್ದೆವು. ಮೂಗಿಗೆ ನಳಿಕೆ ಹಾಕಿದರು. ಎರಡು ದಿನ ಅಪ್ಪ ಯಾರ ಹೆಸರನ್ನೂ ಸರಿಯಾಗಿ ಹೇಳಲಿಲ್ಲ. ನನ್ನನ್ನು ತನ್ನ ತಮ್ಮ ಎಂದುಕೊಂಡು ಎತ್ತುಗಳಿಗೆ ಮೇವು ಹಾಕಿದೆಯಾ ಎಂದು ಕೇಳುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ಅವ್ವನನ್ನು ನೋಡಿ, “ರೇಣುಕಾ, ಜ್ವಾಳ ತಗದ್ರೇನು?” ಅಂದ. ಇನ್ನು ಭಯವಿಲ್ಲ, ಇನ್ನೆರಡು ನಿಮಿಷ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಎಂದು ಡಾಕ್ಟರು ಹೇಳಿದರು. ಇಬ್ಬರು ಇಳಿದಿದ್ದರೆ ಇಬ್ಬರೂ ಹೋಗುತ್ತಿದ್ದಿರಿ ಎಂದೂ ಹೇಳಿದರು. ಅವ್ವ ಸುಚಿತ್ರಾಳ ತಲೆಯನ್ನು ಎದೆಗೆ ಒತ್ತಿಕೊಂಡು, ತಾನೇ ಎಳೆದ ಜಡೆಯನ್ನು ಸವರುತ್ತ ಬಹಳ ಹೊತ್ತು ಅತ್ತಳು.

ನಾನು ಮಾತ್ರ ಅವಳ ಮುಂದೆ ಹೋಗಲಾರದೆ ಎರಡು ದಿನ ಔಷಧಿ ಅಂಗಡಿ, ಚಹಾದಂಗಡಿ ಎಂದು ತಿರುಗಿದ್ದೆ. ಮೂರನೆಯ ದಿನ ಮಧ್ಯಾಹ್ನ ಒಂದು ಪೊಟ್ಟಣ ಚುರುಮುರಿ ಗಿರಮಿಟ್ಟು ಕಟ್ಟಿಸಿಕೊಂಡು ಹೋದೆ. ಅವಳು ಆಸ್ಪತ್ರೆಯ ವರಾಂಡದಲ್ಲಿ ಬೆಂಚಿನ ತುದಿಗೆ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದಳು. ತುಟಿ ಇನ್ನೂ ಊದಿತ್ತು. ಸೋಮವಾರ ಅವಳ ಪರೀಕ್ಷೆ. ಪಕ್ಕದಲ್ಲಿ ಕೂತೆ.

“ತಪ್ಪಾತು ಸುಚಿ” ಅಂದೆ. “ಹೊಡದದ್ದೂ ತಪ್ಪು, ಬುಕ್ಕು ಸುಟ್ಟದ್ದೂ ತಪ್ಪು.”

ಅವಳು ಪುಟ ತಿರುವಿದಳು. ನಾನು ನಗಿಸೋಣ ಎಂದು, “ಎರಡು ವಾರದಿಂದ ಕೂಡಿಟ್ಟೀದಿ. ಒಂದರ ಹೇಳು. ಏನರ ಗೊತ್ತಿಲ್ಲದ್ದು” ಅಂದೆ.

ಅವಳು ಪುಸ್ತಕ ಮುಚ್ಚಿದಳು. ಮುಚ್ಚಿದ ಪುಸ್ತಕದ ಮೇಲೆ ಒಂದು ಹನಿ ಬಿತ್ತು.

“ನಿನಗ ಗೊತ್ತಿಲ್ಲದ್ದು ಒಂದೈತಿ” ಅಂದಳು. “ಅಟ್ಟದ ಕಿಟಕಿಯಿಂದ ನನಗ ಎಲ್ಲಾ ಕಾಣಾಕತ್ತಿತ್ತು. ನೀ ಬ್ಯಾಟರಿ ಇಳಿಸಿದ್ದು ನೋಡಿದೆ. ಆರಿಲ್ಲ ಆರಿಲ್ಲ ಅಂತ ನೀ ಒದರಿದ್ದು ಕೇಳಿದೆ. ಬ್ಯಾಟರಿಗೆ ಗಾಳಿ ಬೇಕಾಗಿಲ್ಲ, ಅದು ಆರೂದಿಲ್ಲಂತ ನನಗ ಗೊತ್ತಿತ್ತು. ಹೇಳಬೇಕಂತ ಎದ್ದೆ. ಕೆಳಗಿನ ಮೆಟ್ಟಲ ಮಟಾ ಬಂದಿದ್ದೆ, ಅಣ್ಣಾ.”

“ಮತ್ತ?”

“ಓಣ್ಯಾಗ ಮಂದಿ ಇದ್ರು” ಅಂದಳು. “ಅಲ್ಲೇ ನಿಂತೆ. ನೀ ಚೀರೂ ಮಟಾ ಅಲ್ಲೇ ನಿಂತಿದ್ದೆ. ಅಪ್ಪಗ ಹೇಳಬ್ಯಾಡ, ನಾ ಸುಮ್ಮನಿದ್ದೆ ಅಂತ.”

ಅವಳು ಓಢಣಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು. ತಪ್ಪು ತನ್ನದೆಂದೇ ಅಳುತ್ತಿದ್ದಳು. ಅವಳು ನನ್ನನ್ನು ಬೈದಿದ್ದರೆ, ತಿರುಗಿ ಹೊಡೆದಿದ್ದರೆ ತಾಳಿಕೊಳ್ಳುತ್ತಿದ್ದೆ. ಇದನ್ನು ತಾಳಿಕೊಳ್ಳಲು ಆಗಲಿಲ್ಲ. ಗಿರಮಿಟ್ಟಿನ ಪೊಟ್ಟಣವನ್ನು ಅವಳ ಪಕ್ಕದಲ್ಲಿಟ್ಟು ಎದ್ದು ಬಂದೆ.

ಆಸ್ಪತ್ರೆಯ ಎದುರಿಗೆ ಒಂದು ಪುಸ್ತಕದ ಅಂಗಡಿ ಇತ್ತು. ಒಳಗೆ ಹೋಗಿ ನಿಂತೆ. ಅಂಗಡಿಯವನು ಏನು ಬೇಕೆಂದು ಎರಡು ಸಲ ಕೇಳಿದ.

“ನೋಟಬುಕ್ಕು” ಅಂದೆ.

“ಎಷ್ಟು ಪುಟದ್ದು ಕೊಡ್ಲಿರಿ?”

“ನಿಮ್ಮ ಕಡೆ ಇರೋದ್ರಾಗ ದೊಡ್ಡದು ಕೊಡ್ರಿ” ಅಂದೆ.